ಕಾಯಿ ಇರುವ ಮರ ಕಡಿಯದ ಮಾವ

ಬಡಿಗ ಮಾವನ ಎಡಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮೇಲೆ ಸಿಟ್ಟಾದಂತೆ ದೂರ ಸರಿದು ನಿಂತಿತ್ತು. ನಡುವಿನ ಸಂದಿನಲ್ಲಿ ಒಂದು ಬಳ್ಳೊಳ್ಳಿ ಗಡ್ಡೆ ಇಡಬಹುದಿತ್ತು. ಸಣ್ಣಂದಿನಿಂದ ಕಟ್ಟಿಗೆಯನ್ನು ಆ ಬೆರಳಿನಿಂದ ಒತ್ತಿ ಹಿಡಿದು, ಮೇಲಿನಿಂದ ಕೆತ್ತುವ ಬಾಚಿ ಬೀಸಿ ಬೀಸಿ ಹಾಗಾದ ಕಾಲು ಅದು. ಅಂಗಡಿಯ ಚಪ್ಪಲಿ ಅದಕ್ಕೆ ಹಿಡಿಸುತ್ತಿರಲಿಲ್ಲ, ಮಾಡಿಸಿಕೊಳ್ಳುವ ಉಸಾಬರಿಯೂ ಅವರಿಗಿರಲಿಲ್ಲ. ಬರಿಗಾಲಲ್ಲೇ ನಡೆಯುತ್ತಿದ್ದರು. ಮುಳ್ಳು ಚುಚ್ಚಿದರೆ ನಿಂತು, ಬಗ್ಗಿ, ಕಿತ್ತು, ಅದು ಯಾವ ಗಿಡದ್ದು ಎಂದು ಬಿಸಿಲಿಗೆ ಹಿಡಿದು ನೋಡಿ ಆಮೇಲೆ ಮುಂದಿನ ಹೆಜ್ಜೆ. ಜೊತೆಗೆ ಹೊರಟವರು ಅಲ್ಲಿಯವರೆಗೆ ಕಾಯಬೇಕು. ನಾನು ಬಹಳ ಸಲ ಕಾಯ್ದಿದ್ದೇನೆ.

"ನಡೀರಿ ಮಾವಾ, ಹೊತ್ತು ಏರಾಕತ್ತೈತಿ" ಎಂದರೆ, "ಹೊತ್ತು ಏರಲಿ ಬಿಡು, ಅದನ್ನೇನು ನಾವು ಹೊತಗೊಂಡು ಹೊಂಟೇವೇನು" ಎನ್ನುತ್ತಿದ್ದರು.

ಬೇವೂರಿನಲ್ಲಿ ನಮ್ಮದು ಗಾಣದ ಮನೆ. ನಾನು ಸೊಸೆಯಾಗಿ ಬಂದಾಗ ನನ್ನ ಗಂಡ ಅವರನ್ನು ಕಾಕಾ ಎನ್ನುತ್ತಿದ್ದರು, ಹಾಗಾಗಿ ನನಗೆ ಅವರು ಮಾವ. ರಕ್ತಸಂಬಂಧ ಏನೂ ಇಲ್ಲ. ಅವರ ಮನೆ ನಮ್ಮ ಓಣಿಯ ಕೊನೆಗೆ, ಊರ ಬಡಿಗರ ಮನೆ. ನೇಗಿಲು, ಕುಂಟೆ, ಬಾಗಿಲು, ತೊಟ್ಟಿಲು ಎಲ್ಲ ಮಾಡುತ್ತಿದ್ದರು. ಆದರೆ ಸುತ್ತ ಹತ್ತೂರಿನವರು ಅವರನ್ನು ಕೇಳಿಕೊಂಡು ಬರುತ್ತಿದ್ದುದು ಗಾಣದ ಒನಕೆಗೆ. ಕಲ್ಲಿನ ಗಾಣದೊಳಗೆ ಎತ್ತು ತಿರುಗಿದಂತೆ ತಿರುಗಿ ಕುಸುಬಿಯನ್ನು ಅರೆದು ಎಣ್ಣೆ ಬಿಡಿಸುವುದು ಆ ಒನಕೆಯೇ. ಅದು ಸರಿ ಕೂತರೆ ಎಣ್ಣೆ ತಾನಾಗಿ ಇಳಿಯುತ್ತದೆ. ಕೂರದಿದ್ದರೆ ಎತ್ತು ದಿನವಿಡೀ ತಿರುಗಿದರೂ ಅರ್ಧ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ, ದನಗಳು ದಪ್ಪಗಾಗುತ್ತವೆ, ಮನೆಯವರು ತೆಳ್ಳಗಾಗುತ್ತಾರೆ.

ಒನಕೆಗೆ ಮಾವನಿಗೆ ಬೆಳವಲದ ಕಟ್ಟಿಗೆಯೇ ಆಗಬೇಕು. ಬೇವು ಹಾಕಿದರೆ ಎಣ್ಣೆ ಕಹಿ ಹಿಡಿಯುತ್ತದೆ, ಜಾಲಿ ಸೀಳುತ್ತದೆ, ಬೆಳವಲವೊಂದೇ ಕಲ್ಲಿಗೆ ಎದುರು ಮಾತಾಡದೆ ಸವೆಯುತ್ತದೆ ಎಂದು ಅವರ ಲೆಕ್ಕ. ಕೆಲವು ಕಡೆ ಬೇಲ ಎನ್ನುವ ಈ ಬೆಳವಲದ ಗಿಡ ನೋಡಲು ಚೆಂದವೇನಿಲ್ಲ. ಮೈತುಂಬ ಮುಳ್ಳು, ಒರಟು ತೊಗಟೆ, ಬೇಸಿಗೆಗೆ ಎಲೆ ಉದುರಿಸಿಕೊಂಡು ಬೋಳಾಗಿ ನಿಲ್ಲುತ್ತದೆ. ಬೀಜದಿಂದ ಬೆಳೆಸಿದವನಿಗೆ ಕಾಯಿ ನೋಡಲು ಮಗ ಹುಟ್ಟಿ ಮೀಸೆ ಬರಬೇಕು. ಕಾಯಿ ಎಂದರೆ ಮುಷ್ಟಿಗಿಂತ ದೊಡ್ಡ ಬೂದು ಚೆಂಡು, ಚಿಪ್ಪು ಕಲ್ಲಿನಂಥದ್ದು. ಹಣ್ಣಾದರೆ ಒಳಗಿನ ಕಂದು ತಿರುಳು ಬೆಲ್ಲದ ಜೊತೆ ಕಲಸಿ ತಿನ್ನಲು ಚಲೋ, ಹುಳಿಗೆ ಹಲ್ಲು ಚುಳ್ಳೆನ್ನುತ್ತವೆ. ಕಾಯಿಯಾಗಿದ್ದಾಗಲೇ ಕುಟ್ಟಿದರೆ ಚಟ್ನಿ. ಹಣ್ಣೋ ಕಾಯೋ ನೋಡಲು ಮಾವ ಅದನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಬಿಡುತ್ತಿದ್ದರು. ಪುಟಿದರೆ ಕಾಯಿ. ಧಪ್ಪಂತ ಬಿದ್ದು ಅಲ್ಲೇ ಕೂತರೆ ಹಣ್ಣು.

ಇಷ್ಟಾದರೆ ತಕರಾರಿರಲಿಲ್ಲ. ತಕರಾರು ಅವರ ಹಟದ್ದು. ಕಾಯಿ ಬಿಡುವ ಗಿಡಕ್ಕೆ ಅವರು ಕೊಡಲಿ ಹಾಕುತ್ತಿರಲಿಲ್ಲ. ಬೇರೆಯವರು ಕಡಿದು ತಂದರೆ ಆ ಕಟ್ಟಿಗೆ ಮುಟ್ಟುತ್ತಲೂ ಇರಲಿಲ್ಲ.

"ಅದು ಇನ್ನೂ ಉಣಸಾಕತ್ತೈತಿ. ಉಣಸೂದು ನಿಂತ ಮ್ಯಾಲ ದುಡಿಯಾಕ ಹಚ್ಚೂಣು" ಎನ್ನುತ್ತಿದ್ದರು. ನಿಂತದ್ದು ಗೊತ್ತಾಗುವುದು ಹೇಗೆ ಎಂದರೆ ಅದಕ್ಕೂ ಅವರಲ್ಲಿ ಕಾಯ್ದೆ ಇತ್ತು. "ಒಂದು ವರ್ಷ ಬಿಡಲಿಲ್ಲಂದ್ರ ದಣದೈತಿ. ಎರಡು ವರ್ಷ ಬಿಡಲಿಲ್ಲಂದ್ರ ಮುನದೈತಿ. ಮೂರು ವರ್ಷ ಬಿಡಲಿಲ್ಲಂದ್ರ ಮುಗದೈತಿ. ಆವಾಗ ನನ್ನ ಕರೀರಿ."

ಮೊದಲು ಇದು ನಡೆಯಿತು. ಹೊಲದ ಬದುವಿಗೆಲ್ಲ ಬೆಳವಲ ಇದ್ದ ಕಾಲ. ಒಂದಲ್ಲ ಒಂದು ಗಿಡ ಮುದಿಯಾಗಿ ನಿಂತಿರುತ್ತಿತ್ತು. ನಮ್ಮ ಮನೆಗೇ ಅವರು ಎರಡು ಒನಕೆ ಮಾಡಿಕೊಟ್ಟರು. ಎರಡು ಸಲವೂ ಗಾಣದ ಹತ್ತಿರ ನಿಂತು ಅವರಿಗೆ ಬೇಕಾದ್ದು ಕೊಡುವುದು ನನ್ನ ಪಾಳಿ. ಒಮ್ಮೆ ಚಹಾ, ಒಮ್ಮೆ ಉಳಿ, ಒಮ್ಮೆ ರೊಟ್ಟಿ ಹಂಚಿನ ಮಸಿ. ಆಮೇಲೆ ರಸ್ತೆ ಅಗಲವಾದವು, ಹೊಲಗಳಿಗೆ ಯಂತ್ರ ಬಂದವು, ಬದುವು ಸಣ್ಣವಾದವು, ಬೆಳವಲ ಹೋದವು. ಮಾವನ ಕಾಯ್ದೆ ಮಾತ್ರ ಹಾಗೇ ಉಳಿಯಿತು.

ನನ್ನ ಗಂಡ ತೀರಿಕೊಂಡ ಮೇಲೆ ಗಾಣ ನಾನೇ ನಡೆಸಿದೆ. ನಡೆಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಆದರೆ ಅದೇ ಹೊತ್ತಿಗೆ ಪೇಟೆಯ ಮಂದಿಗೆ ಗಾಣದ ಎಣ್ಣೆಯ ಹುಚ್ಚು ಹತ್ತಿತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಡಾಕ್ಟರ ಮನೆ, ಮಾಸ್ತರ ಮನೆ ಎಂದು ನನಗೆ ಖಾಯಂ ಮನೆಗಳಾದವು. ವಾರಕ್ಕೆ ಎರಡು ಸಲ ಕ್ಯಾನು ತೆಗೆದುಕೊಂಡು ಬಸ್ಸು ಹತ್ತುತ್ತಿದ್ದೆ. ನನಗೆ ರೊಟ್ಟಿ, ಎತ್ತಿಗೆ ಮೇವು ಬರುತ್ತಿದ್ದುದು ಅದರಿಂದಲೇ.

ಹಾಗಿರುವಾಗ ಒಂದು ದಿನ ಗಾಣದೊಳಗೆ ಟಪ್ಪೆಂದಿತು. ಒನಕೆ ಬುಡದಿಂದ ಒಂದು ಗೇಣು ಮೇಲಕ್ಕೆ ಬಿರಿದಿತ್ತು.

ಮಾವನನ್ನು ಕರೆತಂದೆ. ಅವರು ಬಿರುಕಿನಲ್ಲಿ ಉಗುರು ಹಾಕಿ ನೋಡಿದರು, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು.

"ಹೋತು ಇದು" ಎಂದರು.

"ಹೋತು ಅನ್ನೂದು ನನಗೂ ಗೊತ್ತೈತ್ರಿ. ಹೊಸಾದು ಯಾವಾಗ?"

"ಗಿಡಾ ಸಿಕ್ಕಾಗ."

"ನಮ್ಮ ಹೊಲದ ಬದುವಿನ್ಯಾಗ ಐತಲ್ರಿ ಬೆಳವಲ. ನಾಳೆ ಕಡೀರಿ."

"ಅದರಾಗ ಕಾಯಿ ಅದಾವ."

"ಕಾಯಿ ತಿಂದು ನಾ ಬದಕಂಗಿಲ್ರಿ ಮಾವಾ. ಗಾಣ ತಿರಗಿದ್ರ ಬದಕತೇನಿ."

"ಕಟ್ಟಿಗಿಗೆ ಅವಸರ ಇರೂದಿಲ್ಲ ನಮ್ಮವ್ವಾ. ನಿನಗೈತಿ" ಎಂದು ಬಿರುಕಿಗೆ ಕಬ್ಬಿಣದ ಪಟ್ಟಿ ಬಿಗಿಸಿ ಹೋದರು. ಆ ಪಟ್ಟಿ ಕಟ್ಟಿದ ಒನಕೆ ತಿರುಗಿದಾಗ ಹಲ್ಲು ಕಡಿದಂತೆ ಸಪ್ಪಳ. ಎಣ್ಣೆ ಕಡಿಮೆ ಇಳಿಯಿತು. ವಿದ್ಯಾಗಿರಿಯಲ್ಲಿ ಎರಡು ಮನೆಗೆ ಇಲ್ಲ ಎನ್ನಬೇಕಾಯಿತು. ಇಲ್ಲ ಅನ್ನಿಸಿಕೊಂಡ ಮನೆ ಮತ್ತೆ ಕರೆಯುವುದಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಹುನಗುಂದಕ್ಕೆ ಹೋಗಿ ಒಂದು ಸಾಮಿಲ್ಲಿನಲ್ಲಿ ಜಾಲಿಯ ಒನಕೆ ಕೊಯ್ಸಿ ತಂದೆ. ಮಾವ ಬಂದು ನೋಡಿದರು, ಏನೂ ಅನ್ನಲಿಲ್ಲ, ಗೋಡೆಗೆ ಒರಗಿ ಚಹಾ ಕುಡಿದರು. ಅದು ಒಂದು ತಿಂಗಳಿಗೆ ಉದ್ದಕ್ಕೆ ಸೀಳಿತು. ಆಗಲೂ ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಸೀಳಿದ ಒನಕೆಯನ್ನು ಒಲೆಗೆ ಹಾಕಿ, ಹಳೆಯದಕ್ಕೆ ಇನ್ನೊಂದು ಪಟ್ಟಿ ಬಿಗಿಸಿಕೊಂಡೆ.

ಆ ವರ್ಷವೇ ಬಾದಾಮಿ ಕಡೆಯ ಒಂದು ಹಳ್ಳಿಯಿಂದ ಸುದ್ದಿ ಬಂತು. ಒಬ್ಬ ರೈತ ಹೊಲ ಸಮ ಮಾಡಿಸುತ್ತಾನೆ, ಅಂಚಿನ ಮುದಿ ಬೆಳವಲ ತೆಗೆಯುತ್ತಾನೆ, ಬೇಕಾದರೆ ಒಯ್ಯಿರಿ ಎಂದು. ಗಿಡ ಕಾಯಿ ಬಿಟ್ಟು ನಾಲ್ಕು ವರ್ಷ ಆಯಿತಂತೆ. ನಾನು ಟ್ರ್ಯಾಕ್ಟರ್ ಮಾಡಿಕೊಂಡು, ಮಾವನನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಹೋದೆ. ಕೊಡಲಿ, ಗರಗಸ, ಹಗ್ಗ, ಬುತ್ತಿ ಎಲ್ಲ ಇತ್ತು. ಗಿಡ ನೋಡಿ ನನಗೆ ಜೀವ ಬಂದಂತಾಯಿತು. ನೆಟ್ಟಗಿನ ಬೊಡ್ಡೆ, ಒಬ್ಬರ ತೆಕ್ಕೆಗೆ ಸರಿಯಾಗಿತ್ತು.

ಮಾವ ಮೊದಲು ಬುಡದಲ್ಲಿ ಕೂತು ರೊಟ್ಟಿ ತಿಂದರು. ಅದು ಅವರ ಪದ್ಧತಿ, ಕಡಿಯುವ ಗಿಡದ ನೆರಳಿನಲ್ಲಿ ಒಂದು ಊಟ ಆಗಬೇಕು. ತಿಂದು, ಕೈ ತೊಳೆದು, ಗಿಡವನ್ನು ಸುತ್ತುತ್ತ ಮೇಲೆ ನೋಡಿದರು. ಒಂದು ಸುತ್ತು. ಎರಡು ಸುತ್ತು. ನಿಂತರು.

"ಅಲ್ಲೈತಿ ನೋಡು."

"ಏನ್ರಿ?"

"ಕಾಯಿ."

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ತುತ್ತತುದಿಯ ಟೊಂಗೆಯಲ್ಲಿ, ಎಲೆಗಳ ಸಂದಿನಲ್ಲಿ, ಒಂದು ಕಾಯಿ. ಒಂದೇ ಒಂದು.

"ಒಂದ ಐತ್ರಿ ಮಾವಾ!"

"ಒಂದ ಇರಲಿ. ಐತ್ಯೊ ಇಲ್ಲೊ?"

"ಅದನ್ನೂ ಕೆಡವಿ ಚಟ್ನಿ ಅರೀತೇನಿ, ಕಡೀರಿ."

"ನೀ ಅರೀ. ನಾ ಕಡ್ಯಂಗಿಲ್ಲ."

ಹೊಲದವನು ನಕ್ಕ. "ಅಜ್ಜಾರ, ನೀವು ಬಿಟ್ರೂ ನಾ ಬಿಡಂಗಿಲ್ರಿ. ಜೆಸಿಬಿ ಬರಾಕತ್ತೈತಿ."

"ಅದು ನಿನ್ನ ಹೊಲಾ, ನಿನ್ನ ಗಿಡಾ. ನನ್ನ ಕೈ ನಂದು" ಎಂದು ಹೇಳಿ ಮಾವ ಟ್ರೇಲರ್ ಹತ್ತಿ ಕೂತರು. ನಾನು ಅತ್ತೇ ಬಿಟ್ಟೆ, ಸಿಟ್ಟಿನಿಂದ. ಹೊರಳಿ ಬರುವಾಗ ದಾರಿಯುದ್ದಕ್ಕೂ ಬೈದೆ. ಮಾವ ಎಂಬ ಮರ್ಯಾದೆಯನ್ನೂ ಬಿಟ್ಟು ಬೈದೆ. ಅವರು ಟ್ರೇಲರಿನ ಹಲಗೆಯ ಗೆಣ್ಣು ನೋಡುತ್ತ, ಇದು ಬೇವಿನದ್ದೋ ಮಾವಿನದ್ದೋ ಎಂದು ಡ್ರೈವರನನ್ನು ಕೇಳುತ್ತಿದ್ದರು.

ಮುಂದಿನ ವಾರ ಆ ಗಿಡವನ್ನು ಜೆಸಿಬಿ ಬೇರು ಸಹಿತ ಎಬ್ಬಿಸಿತು. ಬೊಡ್ಡೆ ಇಟ್ಟಂಗಿ ಸುಡುವ ಭಟ್ಟಿಗೆ ಹೋಯಿತು. ಒಂದು ಕಾಯಿಯ ಮರ್ಯಾದೆ ಉಳಿಸಿದ್ದಕ್ಕೆ ಯಾರಿಗೆ ಏನು ಸಿಕ್ಕಿತು? ಗಿಡಕ್ಕೆ ಉಳಿವಿಲ್ಲ, ನನಗೆ ಒನಕೆಯಿಲ್ಲ, ಭಟ್ಟಿಯವನಿಗೆ ಉರುವಲು. ಇದನ್ನು ಅವರಿಗೆ ಹೇಳಿದೆ.

"ಅಂವಾ ಮಾಡಿದ್ದು ಅಂವಂದು" ಎಂದರು. ಅಷ್ಟೇ.

ನಮ್ಮ ಬದುವಿನ ಬೆಳವಲ ಮುಂದಿನ ಸಲ ಕಾಯಿ ಬಿಡಲಿಲ್ಲ. ಹೂ ಬಿಟ್ಟಾಗ ಬಿರುಗಾಳಿ ಬೀಸಿ ಎಲ್ಲ ಉದುರಿತ್ತು. ದೀಪಾವಳಿ ಕಳೆದು ಮಾವ ಬಂದು ನೋಡಿ, "ಒಂದು ವರ್ಷ ಆತು. ದಣದೈತಿ" ಎಂದರು. ನನ್ನ ತಲೆಯಲ್ಲಿ ಆಗಲೇ ಬಂತು. ಇನ್ನು ಎರಡು ವರ್ಷ ಕಾಯಿ ಕಾಣದಿದ್ದರೆ ಸಾಕು.

ಮರುವರ್ಷ ಕಾಯಿ ಗೋಲಿಯಷ್ಟಾದಾಗ ಹೊಲಕ್ಕೆ ಹೋದೆ. ಉದ್ದನೆಯ ಗಳದ ತುದಿಗೆ ಕುಡಗೋಲು ಕಟ್ಟಿಕೊಂಡು, ಕೆಳಗಿನ ಕವಲಿಗೆ ಕಾಲಿಟ್ಟು ಹತ್ತಿ, ಆ ಸಲ ಕೆಳಗಿನ ಟೊಂಗೆಗಳಿಗಷ್ಟೇ ಹಿಡಿದಿದ್ದ ಕಾಯಿಗಳನ್ನು ಒಂದೂ ಬಿಡದೆ ಕೆಡವಿದೆ. ಐವತ್ತು ದಾಟಿದ ಹೆಂಗಸು ಸೀರೆ ಕಚ್ಚೆ ಕಟ್ಟಿ ಮುಳ್ಳು ಗಿಡದಲ್ಲಿ ಜೋತಾಡುವುದನ್ನು ಯಾರಾದರೂ ನೋಡಿದ್ದರೆ ಏನು ಅಂದುಕೊಳ್ಳುತ್ತಿದ್ದರೋ. ಯಾರೂ ನೋಡಲಿಲ್ಲ. ಕಾಯಿಗಳನ್ನು ಹಳ್ಳಕ್ಕೆ ಚೆಲ್ಲಿದೆ. ಮಾವ ದೀಪಾವಳಿ ಮುಂದೆ ಬಂದರು, ನೋಡಿದರು. "ಎರಡಾತು. ಮುನದೈತಿ." ಏನನ್ನೋ ಯೋಚಿಸುತ್ತ ಬೊಡ್ಡೆಯ ಮೇಲೆ ಕೈಯಿಟ್ಟು ನಿಂತರು. ಗಿಡ ಯಾಕೆ ಮುನಿಯಿತು ಎಂದು ಅವರಿಗೆ ಬಗೆಹರಿಯಲಿಲ್ಲವೆಂದು ಕಾಣುತ್ತದೆ. ನಾನು ಬೇರೆ ಕಡೆ ನೋಡಿದೆ.

ಮೂರನೆಯ ವರ್ಷ ನನಗೆ ಜ್ವರ ಬಂದು ಹೊಲಕ್ಕೆ ಹೋಗುವುದು ತಡವಾಯಿತು. ಶ್ರಾವಣ ಬಂದಿತ್ತು. ಕಾಯಿ ಆಗಲೇ ನಿಂಬೆಹಣ್ಣು ದಾಟಿ ಬೆಳೆದಿದ್ದವು. ಕೆಡವಿದೆ. ಕೈ ಮೊಣಕೈವರೆಗೆ ಗೀರಿ ರಕ್ತ ಬಂತು. ತುದಿಯ ಟೊಂಗೆಗಳಿಗೆ ಗಳ ಎಟುಕಲಿಲ್ಲ, ಬಿಟ್ಟೆ. ಬುಟ್ಟಿ ತುಂಬಿತು. ಈ ಸಲ ಹಳ್ಳಕ್ಕೆ ಚೆಲ್ಲಬೇಕೆಂದು ಹೋದವಳಿಗೆ ಕೈ ಬರಲಿಲ್ಲ. ಒಂದನ್ನು ಕಲ್ಲಿಗೆ ಒಡೆದು ನಾಲಿಗೆಗೆ ಹಚ್ಚಿದೆ, ಹುಳಿ ಸರಿಯಾಗಿ ಏರಿತ್ತು. ತಿನ್ನುವ ಪದಾರ್ಥವನ್ನು ನೀರಿಗೆ ಹಾಕಿ ನನಗೆ ರೂಢಿಯಿಲ್ಲ. ಮನೆಗೆ ತಂದು ಹಸಿ ಮೆಣಸಿನಕಾಯಿ, ಬೆಲ್ಲ, ಬಳ್ಳೊಳ್ಳಿ, ಜೀರಿಗೆ ಹಾಕಿ ಕುಟ್ಟಿ, ಮೇಲೆ ನಮ್ಮದೇ ಕುಸುಬಿ ಎಣ್ಣೆ ಸುರಿದು ಗಡಿಗೆ ತುಂಬ ಚಟ್ನಿ ಮಾಡಿಟ್ಟೆ. ಅದರಂಥ ದಡ್ಡತನ ನಾನು ಹಿಂದೆ ಮಾಡಿಲ್ಲ, ಮುಂದೆಯೂ ಮಾಡಿಲ್ಲ.

ಎರಡು ದಿನ ಬಿಟ್ಟು ಒನಕೆಯ ಪಟ್ಟಿ ಸಡಿಲಾಯಿತೆಂದು ಮಾವನನ್ನು ಕರೆದೆ. ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಹೊತ್ತಿಗೆ ಬಂದವರಿಗೆ ತಾಟು ಇಡುವುದು ಮನೆಯ ರೀತಿ. ಬಿಸಿ ರೊಟ್ಟಿ, ಬದನೆಕಾಯಿ, ಮೊಸರು ಬಡಿಸಿದೆ. ಕೈ ತಾನಾಗಿ ಗಡಿಗೆಗೆ ಹೋಗಿ ಒಂದು ಚಮಚ ಚಟ್ನಿಯನ್ನೂ ಹಾಕಿತು.

ಮಾವ ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟರು. ದವಡೆ ನಿಂತಿತು. ಮತ್ತೆ ನಿಧಾನಕ್ಕೆ ಆಡಿತು.

"ಎಳೀ ಕಾಯಿ" ಎಂದರು.

"ಹೌದ್ರಿ."

"ಎಲ್ಲಿವು?"

"ಇಳಕಲ್ ಸಂತ್ಯಾಗ ತಂದೆ."

"ಇಳಕಲ್ ಸಂತ್ಯಾಗ." ಇನ್ನೊಂದು ತುತ್ತು. "ಶ್ರಾವಣದಾಗ ಎಳೀ ಬೆಳವಲಕಾಯಿ ಕಿತ್ತು ಸಂತಿಗೆ ತಂದ ಶ್ಯಾಣ್ಯಾ ಯಾರವ್ವಾ ಅಂವಾ? ನಾಕ ತಿಂಗಳು ತಡದಿದ್ರ ಹಣ್ಣ ಮಾರತಿದ್ದಾ."

"ನನಗೇನು ಗೊತ್ರಿ. ಮಾರಾಕತ್ತಿದ್ದಾ, ತಂದೆ."

ಅವರು ನನ್ನ ಕೈ ನೋಡಿದರು. ಸೆರಗು ಎಳೆದುಕೊಂಡೆ. ಎಳೆದುಕೊಂಡದ್ದೇ ತಪ್ಪಾಯಿತು. ಇನ್ನೇನು ಕೇಳುತ್ತಾರೆ, ಕೇಳಿದರೆ ಒಂದೇ ಉಸಿರಿಗೆ ಎಲ್ಲ ಹೇಳಿ ಜಗಳ ತೆಗೆಯಬೇಕೆಂದು ನಾನು ಸೊಂಟಕ್ಕೆ ಕೈಯಿಟ್ಟು ತಯಾರಾಗಿ ನಿಂತೆ.

"ಇನ್ನೊಂದೀಟು ಹಾಕು" ಎಂದರು ಮಾವ. "ಚಲೋ ಆಗೇತಿ."

ತಾಟು ಒರೆಸಿದಂತೆ ಉಂಡು, ಕೈ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ಆ ಗಡಿಗೆಯ ಚಟ್ನಿಯನ್ನು ನಾನು ಮತ್ತೆ ಮುಟ್ಟಲಿಲ್ಲ. ಓಣಿಯವರಿಗೆ ಹಂಚಿ ಖಾಲಿ ಮಾಡಿದೆ.

ದೀಪಾವಳಿಗೆ ಅವರು ಗಿಡ ನೋಡಲು ಬರಲಿಲ್ಲ. ಮುಗಿಯಿತು ನನ್ನ ಒನಕೆ ಎಂದುಕೊಂಡೆ. ಆದರೆ ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ, ಕತ್ತಲ ಪಕ್ಷದಲ್ಲಿ, ಒಂದು ಮುಂಜಾನೆ ಕೊಡಲಿ ಹೆಗಲಿಗೇರಿಸಿಕೊಂಡು ಇಬ್ಬರು ಆಳುಗಳ ಜೊತೆ ಬಾಗಿಲಿಗೆ ಬಂದರು. ಬೆಳುದಿಂಗಳಿನಲ್ಲಿ ಕಡಿದ ಕಟ್ಟಿಗೆಗೆ ಹುಳ ಬೀಳುತ್ತದೆಂದು ಅವರು ಯಾವಾಗಲೂ ಕತ್ತಲ ಪಕ್ಷದಲ್ಲೇ ಕಡಿಯುವುದು.

"ನಡಿ" ಎಂದರು. "ಮೂರಾತಲ್ಲ."

ಬುಡದಲ್ಲಿ ಕೂತು ರೊಟ್ಟಿ ತಿಂದರು. ಎದ್ದು ಕೊಡಲಿ ತೆಗೆದುಕೊಂಡರು. ಸುತ್ತಲಿಲ್ಲ. ಮೇಲೆ ನೋಡಲಿಲ್ಲ. ಅಷ್ಟು ವರ್ಷದಲ್ಲಿ ಗಿಡದ ತಲೆ ನೋಡದೆ ಅವರು ಕೊಡಲಿ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಡೆಯಬೇಕೆಂದು ಬಾಯಿ ತೆರೆದೆನೇ? ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಬೇಗ ಕಡಿದರೆ ಸಾಕು ಎಂದು ನಿಂತಿದ್ದೆ.

ಗಿಡ ಉರುಳಿತು. ತುದಿಯ ಟೊಂಗೆಗಳು ನೆಲಕ್ಕೆ ಬಡಿದಾಗ ಬೂದು ಚೆಂಡುಗಳು ನಾಲ್ಕೂ ಕಡೆ ಉರುಳಿದವು. ನನ್ನ ಗಳಕ್ಕೆ ಎಟುಕದವು. ಆಳುಗಳು, "ಏ ಅಜ್ಜಾ, ಕಾಯಿ ಅದಾವಲ್ಲೊ!" ಎಂದು ಕೂಗಿದರು. ಮಾವ ಕೊಡಲಿ ಕೆಳಗಿಟ್ಟು, ಟವೆಲ್ಲು ಹಾಸಿ, ಒಂದೊಂದಾಗಿ ಆರಿಸಿದರು. ಒಂದೊಂದನ್ನೂ ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿದರು. ಹಣ್ಣು ಒಂದು ಕಡೆ, ಕಾಯಿ ಒಂದು ಕಡೆ. ಎಲ್ಲ ಆದ ಮೇಲೆ ಹಣ್ಣಿನ ಗಂಟು ನನ್ನ ಕೈಗೆ ಕೊಟ್ಟರು. ಕಾಯಿಗಳನ್ನು ಆಳುಗಳಿಗೆ ಕೊಟ್ಟರು.

ಆಳುಗಳು ಟೊಂಗೆ ಸವರಲು ಆಚೆ ಹೋದಾಗ ಕೇಳಿದೆ. "ಗೊತ್ತಿದ್ದೂ ಯಾಕ ಕಡದ್ರಿ?"

"ಬಿಟ್ಟಿದ್ರ ನೀ ಸುಮ್ನಿರತಿದ್ದ್ಯಾ? ಮತ್ತ ಮೂರು ವರ್ಷ ಹತ್ತತಿದ್ದಿ. ಒಂದಿನಾ ಬಿದ್ದು ಸೊಂಟಾ ಮುರಕೋತಿದ್ದಿ. ಗಿಡಾ ಮುಪ್ಪಾದ್ರ ಒನಕಿ ಆಗತೈತಿ. ನಿನ್ನ ಸೊಂಟಾ ತಗೊಂಡು ನಾ ಏನು ಮಾಡ್ಲಿ?"

ಒನಕೆ ಯಾವಾಗ ಎಂದು ಕೇಳಿದೆ. ಬೊಡ್ಡೆಯನ್ನು ಹಳ್ಳದ ಮಡುವಿನ ರಾಡಿಯಲ್ಲಿ ಹುಗಿದು ಹದ ಮಾಡಬೇಕು, ಒಂದು ವರ್ಷ ಎಂದರು.

"ಒಂದು ವರ್ಷಾ? ಹಿಂದ ಆರ ತಿಂಗಳಿಗೆ ತಗದಿದ್ರಲ್ರಿ?"

"ಅವು ಕಾಯಿ ಬಿಡೂದು ನಿಂತ ಗಿಡಾ, ಮೈಯಾಗ ರಸಾ ಕಡಿಮಿ. ಇದು ತುಂಬಿದ ಗಿಡಾ. ಆರ ತಿಂಗಳಿಗೆ ತಗದ್ರ ಬಿರೀತೈತಿ."

ಹೀಗೆ ನನ್ನ ಸುಳ್ಳು ನನಗೇ ಆರು ತಿಂಗಳು ಹೆಚ್ಚಿಗೆ ಹಾಕಿತು. ಅದನ್ನು ಅವರು ಶಿಕ್ಷೆಯೆಂದು ಹೇಳಲಿಲ್ಲ, ಕಟ್ಟಿಗೆಯ ಗುಣವೆಂದು ಹೇಳಿದರು. ಯಾವುದು ಖರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ವರ್ಷ ಕಳೆದು ಬೊಡ್ಡೆ ಹೊರತೆಗೆದರು. ಮಸಿಯಷ್ಟು ಕಪ್ಪಗಾಗಿತ್ತು. ನೆರಳಿನಲ್ಲಿ ಒಣಗಿಸಿ ನಮ್ಮ ಅಂಗಳದಲ್ಲಿ ಕೆಲಸ ಹಿಡಿದರು. ಮೇಲಿನ ಅರ್ಧ ಮುಗಿಯಿತು. ಬಾಚಿಯ ಗುರುತು ಕೈಗೆ ಹತ್ತದ ಹಾಗೆ ನಯ ಮಾಡಿದರು. ಕಲ್ಲಿನೊಳಗೆ ಕೂರುವ ಕೆಳತುದಿ ಉಳಿಯಿತು. ಅದೇ ಕಷ್ಟದ್ದು, ಅದನ್ನು ಯಾವಾಗಲೂ ಕೊನೆಗೆ ಮಾಡುವುದು. ಈ ದಿನಗಳಲ್ಲಿ ಅವರು ಆ ಚಟ್ನಿಯ ಮಾತು ತೆಗೆಯಲಿಲ್ಲ. ಗಾಣ ತಿರುಗಿದ ದಿನ ನಾನೇ ತೆಗೆಯಬೇಕೆಂದು ಮಾಡಿದ್ದೆ. ನನ್ನ ಮಾತು ತಯಾರಿತ್ತು. ಆ ಗಿಡ ವರ್ಷಕ್ಕೊಮ್ಮೆ ಉಣಿಸುತ್ತಿತ್ತು, ಗಾಣ ದಿನಾ ಉಣಿಸುತ್ತದೆ, ಒಂದು ಹೆಂಗಸಿನ ಹೊಟ್ಟೆಗಿಂತ ಗಿಡದ ಹೊಟ್ಟೆ ನಿಮಗೆ ದೊಡ್ಡದಾಯಿತೇ, ನೀವು ಒಂದು ಸಲ ಬಿಟ್ಟುಕೊಟ್ಟಿದ್ದರೆ ನಾನು ಯಾಕೆ ಸುಳ್ಳು ಹೇಳುತ್ತಿದ್ದೆ, ಈಗ ಬೈಯಿರಿ, ನೀವು ಬೈದ ಮೇಲೆ ನಾನು ಬೈಯುತ್ತೇನೆ ಎಂದು.

ಒಂದು ಸೋಮವಾರ ಅವರು ಬರಲಿಲ್ಲ. ಚಳಿ ಜ್ವರ ಎಂದರು. ಬಾಗಲಕೋಟೆಯ ದವಾಖಾನೆಗೆ ಒಯ್ದರು. ನಾಲ್ಕನೆಯ ದಿನ ಗಾಡಿಯಲ್ಲಿ ಮನೆಗೆ ತಂದರು, ಆಗಲೇ ಎಲ್ಲ ಮುಗಿದಿತ್ತು. ನಾನು ಹೋಗಿ ಕಾಲ ಹತ್ತಿರ ಕೂತೆ. ಬಂದ ಹೆಂಗಸರೆಲ್ಲ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೆಳತುದಿ ಒಂದನ್ನು ಮುಗಿಸಿ ಹೋಗಲು ಏನಾಗಿತ್ತು ಇವರಿಗೆ? ಜೀವಮಾನವೆಲ್ಲ ಅವಸರ ಮಾಡದ ಮನುಷ್ಯ ಇದೊಂದಕ್ಕೆ ಮಾಡಿದರು.

ಅವರ ಮಗ ಬಾಗಲಕೋಟೆಯಲ್ಲಿ ಪ್ಲೈವುಡ್ಡಿನ ಕಪಾಟು ಮಾಡುತ್ತಾನೆ. ಅವನಿಗೂ ಆಗಲೇ ನಲವತ್ತಾಗಿತ್ತು. ದಿನಕರ್ಮ ಮುಗಿದ ಮೇಲೆ ಹೋಗಿ ಕೇಳಿದೆ.

"ಏ ಯಕ್ಕಾ, ನನಗ ಒನಕಿ ಬರೂದಿಲ್ಲ. ಅಪ್ಪಾ ಕಲಸಲಿಲ್ಲ, ನಾ ಕಲೀಲಿಲ್ಲ."

"ಬಾಚಿ ಹಿಡ್ಯಾಕ ಬರತೈತ್ಯೊ ಇಲ್ಲೊ?"

"ಅದು ಬರತೈತಿ."

"ಹಂಗಾರ ಬಾ. ಎಲ್ಲಿ ಕೆತ್ತಬೇಕು ನಾ ಹೇಳತೇನಿ."

"ನೀ ಹೇಳತಿ? ನಿನಗ ಹ್ಯಾಂಗ ಗೊತ್ತು?"

"ನಿಮ್ಮಪ್ಪನ ತಲೀ ಮ್ಯಾಲ ನಿಂತು ಬೈಕೋತ ಎರಡು ಒನಕಿ ಮಾಡಿಸೇನಲೇ. ಅಷ್ಟೂ ಗೊತ್ತಾಗೂದಿಲ್ಲೇನು?"

ರೊಟ್ಟಿ ಹಂಚಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಲ್ಲಿನ ಒಳಗೋಡೆಗೆ ಸವರಿದೆ. ಒನಕೆ ಇಳಿಸಿ ಒಂದು ಸುತ್ತು ತಿರುಗಿಸಿ ಮೇಲೆತ್ತಿದೆವು. ಎಲ್ಲಿ ಮಸಿ ಹತ್ತಿದೆಯೋ ಅಲ್ಲಿ ಉಬ್ಬು, ಅಲ್ಲೇ ಕೆತ್ತುವುದು. ಮತ್ತೆ ಸವರು, ಮತ್ತೆ ಇಳಿಸು. ಮಾವ ಮಾಡುತ್ತಿದ್ದುದು ಹಾಗೆಯೇ. ಅವರು ಒಂದು ದಿನದಲ್ಲಿ ಮುಗಿಸುತ್ತಿದ್ದುದು ನಮಗೆ ಐದು ದಿನ ಹಿಡಿಯಿತು. ಅವನು ಎರಡು ಸಲ ಬಾಚಿ ಬಿಸಾಡಿ ಹೊರಟ. ಎರಡು ಸಲವೂ ನಾನು ಬಾಗಿಲಿಗೆ ಅಡ್ಡ ನಿಂತೆ.

ಗಾಣ ತಿರುಗಿತು. ಒಂದು ಬದಿಗೆ ಸ್ವಲ್ಪ ಕುಂಟುತ್ತದೆ. ಮೇಲಿನ ಅರ್ಧ ನಯ, ಕೆಳಗೆ ಕಲಸಿದ ಗೋದಿ ಹಿಟ್ಟು ಚಿವುಟಿದ ಹಾಗೆ ಬಾಚಿಯ ಗುರುತು. ಆದರೂ ಎಣ್ಣೆ ಇಳಿಯುತ್ತದೆ. ವಿದ್ಯಾಗಿರಿಯ ಮನೆಗಳಲ್ಲಿ ಕೆಲವು ತಿರುಗಿ ಬಂದವು.

ಈ ವರ್ಷ ಅಲ್ಲಿಗೆ ಹೊಸದಾಗಿ ಬಂದ ಒಬ್ಬ ಮೇಡಂ, ಕಾಲೇಜಿನಲ್ಲಿ ಕಲಿಸುತ್ತಾರೆ, ಬಾಟಲಿ ಹಿಡಿದುಕೊಂಡು ಬಂದು ಕೇಳಿದರು. "ಅಜ್ಜಿ, ನಿಮ್ಮ ಗಾಣದ ಒನಕಿ ಯಾವ ಕಟ್ಟಿಗಿದು?"

"ಬೆಳವಲದ್ರಿ."

"ಒಣಗಿದ ಗಿಡದ್ದ ಹೌದಲ್ರಿ? ಚಲೋ ಇದ್ದ ಗಿಡಾ ಕಡದಿಲ್ಲಲ್ಲ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಬರಲಿಲ್ಲ.

"ಹಣ್ಣು ಬಿಡೂ ಗಿಡಾರಿ. ಎಳೀ ಕಾಯಿ ಕಿತ್ತು, ಬಿಡೂದಿಲ್ಲಂತ ಸುಳ್ಳ ಹೇಳಿ ನಾನ ಕಡಿಸೀನಿ. ಬಡಿಗ್ಯಾರಿಗೆ ಗೊತ್ತಿತ್ತು. ಗೊತ್ತಿದ್ದೂ ಕಡದ್ರು."

ಅವರ ಮುಖ ಬದಲಾಯಿತು. "ಅಯ್ಯ, ಹಂಗ್ಯಾಕ ಮಾಡಿದ್ರಿ ಅಜ್ಜಿ?" ಎಂದರು. ದನಿಯಲ್ಲಿ ಸಿಟ್ಟಿತ್ತು. ಆ ಮಾತನ್ನು ನನ್ನ ಮುಖಕ್ಕೆ ಕೇಳಿದವರು ಅವರೊಬ್ಬರೇ. ಉತ್ತರ ಬಾಯಿತುದಿಗೆ ಬಂತು. ವರ್ಷಗಟ್ಟಲೆ ಕಲಿತಿಟ್ಟ ಉತ್ತರ, ಒಂದು ಅಕ್ಷರ ಮರೆತಿರಲಿಲ್ಲ. ಆದರೆ ಅದು ಈಕೆಗೆಂದು ಇಟ್ಟದ್ದಾಗಿರಲಿಲ್ಲ.

"ಎಷ್ಟು ಹಾಕಲಿ ಹೇಳ್ರಿ" ಎಂದೆ, ಕ್ಯಾನಿನ ಮುಚ್ಚಳ ತೆಗೆಯುತ್ತ.